ಗೆರೆಯ ಮೇಲೆ

ನನ್ನ ಕೆಲಸ ಶಾಯಿ ಹಚ್ಚುವುದು.
ಹೊಳೆ ಎರಡಾಗಿ ಸೀಳಿ ಮತ್ತೆ ಕೂಡುವ ನಡುವೆ ಹೊಸಕುರ್ವೆ,
ಕುಮಟೆಯ ದಡದಿಂದ ದೋಣಿಯಲ್ಲಿ ಹತ್ತು ನಿಮಿಷ.
ಮತಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡೇ ದಾಟಿದೆವು,
ಮದುಮಗಳ ಪೆಟ್ಟಿಗೆಯ ಹಾಗೆ.

ಇಲ್ಲಿಯ ಬೆರಳು ಶಾಯಿಗೆ ಸುಲಭದ್ದಲ್ಲ.
ಬಳಚು ಹೆಕ್ಕಿ ಹೆಕ್ಕಿ ಉಗುರು ಅರ್ಧಕ್ಕೆ ಸವೆದಿದೆ,
ಚಿಪ್ಪು ಕೊಯ್ದಲ್ಲೇ ಮತ್ತೆ ಕೊಯ್ದಿದೆ.
ಕಡ್ಡಿ ಎಳೆದರೆ ನೀಲಿ ಬಿರುಕಿಗಿಳಿದು ಉರಿಯುತ್ತದೆ.
‘ಉಪ್ಪೇ ವಾಸಿ ಮಾಸ್ತರ್ರೆ’ ಅಂದಳೊಬ್ಬಳು.

ಅಂದು ಇಳಿತ ಹತ್ತೂವರೆಗೆ.
ಒಂಬತ್ತರಿಂದ ಎರಡರವರೆಗೆ ಮತಗಟ್ಟೆ ಖಾಲಿ;
ಏಜೆಂಟರಿಬ್ಬರೂ ಗೋಡೆಯ ಮೇಲಿನ ಮಗ್ಗಿ ಓದುತ್ತ ಕೂತರು.
ಪಂಚಾಯ್ತಿ ಕಾದೀತು, ಹೊಳೆ ಕಾಯುವುದಿಲ್ಲ.
ನೀರು ಏರಿದ ಮೇಲೆ ಬಂದರು ಎಲ್ಲ ಒಟ್ಟಿಗೆ,
ಸೊಂಟದವರೆಗೆ ಒದ್ದೆ. ಅವರು ನಿಂತಲ್ಲೆಲ್ಲ
ಸಾಲು ಒಣಗಿ, ನೆಲದ ಮೇಲೆ ಬಿಳಿ ಉಪ್ಪಾಯಿತು.

ಬೀರಮ್ಮ ಅಂಬಿಗ, ಎಂಬತ್ತರ ಆಚೆ,
ಮತಪತ್ರ ಬಿಡಿಸಿ ಹಿಡಿದು ನನ್ನ ಮೇಜಿಗೇ ಬಂದಳು:
‘ಕುಕ್ಕರಿನಂವ ಜಂತ್ರಡಿಗೆ ಹೊಸ ಹಲಗೆ ಹಾಕ್ಸ್ತೆ ಅಂತ.
ಹೊಲಿಗೆ ಮಿಶಿನಿನಂವನೂ ಅದನ್ನೇ ಹೇಳ್ತ.
ನಂಗೆ ಹಲಗೆ ಬೇಕು. ಗಜನಿಗೆ ಉಪ್ಪುನೀರು ನುಗ್ತದೆ.
ಹಲಗೆಗೆ ಎಲ್ಲಿ ಒತ್ತೂದು?’
ಹೇಳುವಂತಿಲ್ಲ ಅಜ್ಜಿ, ಕಾನೂನು, ಅಂದೆ.
ರಟ್ಟಿನ ಮರೆಯಲ್ಲಿ ಬಹಳ ಹೊತ್ತು ನಿಂತಿದ್ದಳು.

ಎಣಿಕೆಗೂ ನನ್ನನ್ನೇ ಹಾಕಿದ್ದರು.
ಕುಕ್ಕರ್ ನೂರ ನಲವತ್ತಮೂರು.
ಹೊಲಿಗೆ ಯಂತ್ರ ನೂರ ನಲವತ್ತಮೂರು.
ತಿರಸ್ಕೃತ, ಒಂದು.
ಎರಡು ಚಿತ್ರಗಳ ನಡುವಿನ ಗೆರೆಯ ಮೇಲೆ ಮುದ್ರೆ,
ನಡುಗಿಲ್ಲ, ಜಾರಿಲ್ಲ, ಅತ್ತ ಒಂದು ಕೂದಲಿಲ್ಲ, ಇತ್ತ ಒಂದು ಕೂದಲಿಲ್ಲ.
ಅಧಿಕಾರಿ ಬೆಳಕಿಗೆ ಹಿಡಿದು ನೋಡಿದರು,
ಭೂತಗನ್ನಡಿ ತರಿಸಿದರು. ಗೆರೆ ಯಾರ ಕಡೆಗೂ ವಾಲಲಿಲ್ಲ.

ಕೊನೆಗೆ ಚೀಟಿ. ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ಎರಡು ಮಡಿಕೆ;
ಚಾ ತಂದ ಹುಡುಗ ಕಣ್ಣುಮುಚ್ಚಿ ಒಂದನ್ನೆತ್ತಿದ.
ಅವನಿಗೆ ಹದಿನಾರು. ಯಾವ ಪಟ್ಟಿಯಲ್ಲೂ ಹೆಸರಿಲ್ಲ.
ಕುಕ್ಕರ್ ಗೆದ್ದಿತು.

ಆ ರಾತ್ರಿ ಕುರ್ವೆಯಲ್ಲಿ ಯಾರಿಗೂ ನಿದ್ದೆಯಿಲ್ಲವಂತೆ.
ಗೆದ್ದ ಕಡೆ ನೂರ ನಲವತ್ತಮೂರು ಜನರೂ
‘ನನ್ನದೊಂದು ಇಲ್ಲದಿದ್ದರೆ’ ಎಂದರು.
ಸುಳ್ಳಲ್ಲ. ಪ್ರತಿಯೊಬ್ಬರದೂ ನಿಜ.
ಎಲ್ಲರದೂ ನಿಜವಾದರೆ ಆ ನಿಜ ಯಾರ ಮನೆಯದು?
ಮಲ್ಪೆಯ ಬೋಟಿನಿಂದ ಪುರುಸ ಫೋನು ಮಾಡಿ
‘ನಾ ಬಂದಿದ್ರೆ?’ ಎಂದನಂತೆ;
‘ಬಸ್ಸಿನ ದುಡ್ಡು ಯಾರು ಕೊಡ್ತಿದ್ರು’ ಎಂದಳು ಹೆಂಡತಿ.

ಒಂದು ಬಳಚಿನಿಂದ ಸಾರಾಗದು, ಗೊತ್ತು.
ಕೆಸರು ತುಂಬಿದ್ದೊಂದು ಬಿದ್ದರೆ ಮಡಕೆಯೇ ತಿಪ್ಪೆಗೆ, ಅದೂ ಗೊತ್ತು.
ಇವೆರಡರ ನಡುವೆ ಎಲ್ಲೋ ನನ್ನ ಮತವೂ ಇರಬೇಕು.
ಇರಬೇಕು ಅಂದೆ. ಹಾಕಿಲ್ಲ.
ನನ್ನೂರು ಅಂಕೋಲೆ ಕಡೆ; ಅಂದು ನಾನು ಇಲ್ಲಿ ಕೆಲಸದಲ್ಲಿ,
ಕೊಟ್ಟ ಅರ್ಜಿ ಅಂಗಿಯ ಕಿಸೆಯಲ್ಲೇ ಒಗೆದುಹೋಯಿತು.
ಬಾಟಲಿ ಸೋರಿ ಐದೂ ಬೆರಳು ನೀಲಿಯಾಗಿದ್ದವು.
ಬಸ್ಸಿನಲ್ಲಿ ಕಂಡಕ್ಟರ್ ನಕ್ಕ:
‘ಎಷ್ಟು ಸಲ ಹಾಕಿದ್ರಿ ಸಾರ್?’

ದೀಪಾವಳಿ ಕಳೆದು ಮತ್ತೆ ಹೋಗಿದ್ದೆ, ಜನಗಣತಿಯ ಕಾಗದ ಹಿಡಿದು.
ಜಂತ್ರಡಿಗೆ ಹಲಗೆ ಬಂದಿದ್ದವು, ಏಳು ಬೇಕಾದಲ್ಲಿ ಆರು.
ಏಳನೆಯದರ ಜಾಗಕ್ಕೆ ಹಳೆಯ ದೋಣಿಯ ಪಟ್ಟಿಯೊಂದನ್ನು
ಹುಲ್ಲು, ಕೆಸರು ಮೆತ್ತಿ ಯಾರೋ ಸಿಕ್ಕಿಸಿದ್ದರು.
ಅಲ್ಲೇ ಒಡ್ಡಿನ ಮೇಲೆ ಬೀರಮ್ಮ.
ಉಗುರಿನ ಬುಡದ ನೀಲಿ ತುದಿಗೆ ಬಂದು
ಇನ್ನೇನು ಉದುರುವುದರಲ್ಲಿತ್ತು.
‘ನಂದು ಎಣಿಸಿದ್ರನಾ?’ ಎಂದಳು.

ಹೇಳುವಂತಿಲ್ಲ. ಹೇಳಿದೆ:
ಎಣಿಸಿದರು ಅಜ್ಜಿ.
ಬೇರೆಯಾಗಿ,
ಅದೊಂದನ್ನೇ.